ಚಳಿಗಾಲದಲ್ಲಿ ಮನೆಯೊಳಗೆ ಬಟ್ಟೆ ಒಣಗಿಸುವ ಬಗೆ: ಹಾಸನ, ಚಿಕ್ಕಮಗಳೂರಿನಿಂದ ಬ್ರಿಟನ್ನಿಗೆ ಹೊರಟವರಿಗೆ

ಪ್ರತಿ ಮಳೆಗಾಲದಲ್ಲಿ ನಾನು ಚಿಕ್ಕಮಗಳೂರಿಗೆ ಬಂದಾಗ, ಸೆಪ್ಟೆಂಬರಿನಲ್ಲಿ ಓದಿಗೋ ಕೆಲಸಕ್ಕೋ ಬ್ರಿಟನ್ನಿಗೆ ಹೊರಡಲಿರುವ ಹುಡುಗ ಹುಡುಗಿಯರು ಹಾಸನ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಗಳಿಂದ ಬಂದು ವೀಸಾ, ಬಾಡಿಗೆ, ಬ್ಯಾಂಕ್ ಖಾತೆಗಳ ಬಗ್ಗೆ ವಿಚಾರಿಸುತ್ತಾರೆ. ಬಟ್ಟೆ ಒಣಗಿಸುವುದು ಹೇಗೆಂದು ಕೇಳಿದವರು ವಿರಳ. ನವೆಂಬರ್ ಕಳೆಯುವುದರೊಳಗೆ ಅದೇ ಮಕ್ಕಳಲ್ಲಿ ಕೆಲವರು ಕೋಣೆಯ ಮೂಲೆಯಲ್ಲಿ ಕಪ್ಪಾಗಿ ಬೂಷ್ಟು ಹಿಡಿದ ಗೋಡೆಯ ಫೋಟೋ ಕಳುಹಿಸಿ ಏನು ಮಾಡಬೇಕೆಂದು ಕೇಳುತ್ತಾರೆ. ಮೊದಲ ಚಳಿಗಾಲದಲ್ಲಿ ಆರೋಗ್ಯ, ಕರೆಂಟ್ ಬಿಲ್ಲು ಮತ್ತು ಮನೆಯ ಮುಂಗಡದ ಹಣ ಈ ಮೂರನ್ನೂ ತಟ್ಟುವ ವಿಷಯ ಇದಾಗಿರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮಲೆನಾಡಿನವರಿಗೆ ಬಿಸಿಲಿಲ್ಲದೆ ಬಟ್ಟೆ ಒಣಗಿಸುವುದು ಹೊಸದೇನಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಚ್ಚಲುಮನೆಯ ಹಂಡೆ ಒಲೆಯ ಮೇಲ್ಭಾಗದಲ್ಲಿ ಬಿದಿರಿನ ಗಳ ಕಟ್ಟಿ, ಕಿಟಕಿ ಬಾಗಿಲು ಮುಚ್ಚಿ, ಬೆಂಕಿಯ ಕಾವಿನಲ್ಲಿ ಬಟ್ಟೆ ಆರಿಸುವುದನ್ನು ನೋಡಿಯೇ ನಾವು ಬೆಳೆದಿದ್ದೇವೆ. ಆ ಅನುಭವದಲ್ಲಿ ಉಪಯೋಗಕ್ಕೆ ಬರುವ ಭಾಗವೂ ಇದೆ, ಅಲ್ಲಿ ಬಿಟ್ಟುಬಿಡಲೇಬೇಕಾದ ಭಾಗವೂ ಇದೆ. ಬಿಡಬೇಕಾದದ್ದು ಮುಖ್ಯವಾಗಿ ಒಂದು: ಹೊರಗೆ ಮಳೆ ಬರುತ್ತಿದ್ದರೆ ಕಿಟಕಿ ತೆರೆಯಬಾರದು, ತೆರೆದರೆ ಥಂಡಿ ಒಳಗೆ ಬರುತ್ತದೆ ಎಂಬ ನಂಬಿಕೆ. ಊರಿನಲ್ಲಿ ಅದು ನಿಜ. ಬ್ರಿಟನ್ನಿನ ಡಿಸೆಂಬರಿನಲ್ಲಿ ಅದು ತಲೆಕೆಳಗಾಗುತ್ತದೆ.

ಕಾರಣ ಹೀಗಿದೆ. ಬಿಸಿ ಗಾಳಿಯು ಹೆಚ್ಚು ನೀರಿನ ಆವಿಯನ್ನು ಹಿಡಿಯಬಲ್ಲದು, ತಣ್ಣನೆಯ ಗಾಳಿ ಬಹಳ ಕಡಿಮೆ. ಜುಲೈ ತಿಂಗಳಲ್ಲಿ ಮೂಡಿಗೆರೆಯಲ್ಲಿ 22 ಡಿಗ್ರಿ ಉಷ್ಣತೆ, ಶೇ 95ರಷ್ಟು ತೇವಾಂಶ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರು ಇರುತ್ತದೆ. ಅಂಥ ಗಾಳಿಯನ್ನು ಮನೆಯೊಳಗೆ ಬಿಟ್ಟರೆ ಬಟ್ಟೆ ಒಣಗುವ ಮಾತಿರಲಿ, ಒಣಗಿದ ಬಟ್ಟೆಯೂ ಮೆತ್ತಗಾಗುತ್ತದೆ. ಚಳಿಗಾಲದ ಬ್ರಿಟನ್ನಿನಲ್ಲಿ ಹೊರಗೆ 5 ಡಿಗ್ರಿ ಇದ್ದು ಜಿಟಿಜಿಟಿ ಮಳೆ ಹಿಡಿದು ತೇವಾಂಶ ಶೇ 90 ಇದ್ದರೂ, ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರು ಸುಮಾರು 6 ಗ್ರಾಂ ಮಾತ್ರ. ಆ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದರೆ 17 ಗ್ರಾಂನಷ್ಟು ನೀರನ್ನು ಹಿಡಿಯುವ ಶಕ್ತಿ ಪಡೆಯುತ್ತದೆ, ಅಂದರೆ ಅದರ ತೇವಾಂಶ ಶೇ 35ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಮಳೆಯ ದಿನದ ಹೊರಗಿನ ಗಾಳಿಯೇ ನಿಮ್ಮ ಕೋಣೆಯ ಗಾಳಿಗಿಂತ ಒಣ. ಒಂದು ಸಲ ಮಷಿನ್ ತುಂಬ ಒಗೆದ ಬಟ್ಟೆಯಿಂದ ಎರಡು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಆ ನೀರಿಗೆ ಮನೆಯಿಂದ ಹೊರಹೋಗುವ ದಾರಿ ಮಾಡಿಕೊಡದಿದ್ದರೆ ಅದು ಬಟ್ಟೆಯಿಂದ ಬಿಟ್ಟು ಗೋಡೆಗೆ ಸೇರುತ್ತದೆ. ಬಟ್ಟೆ ಒಣಗಿತೆಂದು ನೀವು ಮಡಚಿಡುತ್ತೀರಿ, ನೀರು ಮಾತ್ರ ಬೀರುವಿನ ಹಿಂದಿನ ತಣ್ಣನೆಯ ಗೋಡೆಯ ಮೇಲೆ ಕುಳಿತಿರುತ್ತದೆ.

ಆದ್ದರಿಂದ ಊರಿನಿಂದ ಹೊರಡುವ ಮೊದಲೇ ಕೋಣೆಯ ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ಕೊಂಡುಕೊಳ್ಳಿರೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಅಲ್ಲಿಯೂ ಹತ್ತು ಪೌಂಡಿನ ಒಳಗೆ ಸಿಗುತ್ತದೆ. ಮಳೆಗಾಲದಲ್ಲಿ ಮನೆಯ ನಡುಮನೆಯಲ್ಲಿ ಅದನ್ನಿಟ್ಟು ಅಂಕಿ ನೋಡಿಕೊಳ್ಳಿ, ಆಮೇಲೆ ಲೀಡ್ಸಿನಲ್ಲೋ ಗ್ಲಾಸ್ಗೋದಲ್ಲೋ ನಿಮ್ಮ ಕೋಣೆಯಲ್ಲಿ ಇಟ್ಟು ನೋಡಿ. ಶೇ 40ರಿಂದ 60ರ ನಡುವೆ ಇದ್ದರೆ ನೆಮ್ಮದಿ. ಬಟ್ಟೆ ಹರವಿದ ದಿನ ಕೆಲವು ಗಂಟೆ ಹೆಚ್ಚಾದರೆ ಅಡ್ಡಿಯಿಲ್ಲ, ಆದರೆ ದಿನಗಟ್ಟಲೆ 70ರ ಮೇಲೆಯೇ ನಿಂತಿದ್ದರೆ ಬೂಷ್ಟು ಬರುವುದು ಖಚಿತ. ಕೋಣೆಯ ಗಾಳಿ 20 ಡಿಗ್ರಿ ಇದ್ದು ತೇವಾಂಶ ಶೇ 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯ ಮೇಲಾದರೂ ನೀರು ಹನಿಗಟ್ಟುತ್ತದೆ. ಹಳೆಯ ಇಟ್ಟಿಗೆ ಮನೆಗಳ ಹೊರಗೋಡೆಯ ಮೂಲೆಗಳೂ ಕಿಟಕಿಯ ಗಾಜೂ ಚಳಿಗಾಲದ ರಾತ್ರಿ ಅಷ್ಟು ತಣ್ಣಗಾಗುವುದು ಸಾಮಾನ್ಯ.

ಇನ್ನು ಖರ್ಚಿನ ಮಾತು. ಅತಿ ಅಗ್ಗದ ಒಣಗಿಸುವಿಕೆ ವಾಷಿಂಗ್ ಮಷಿನ್ನಿನೊಳಗೇ ನಡೆಯುತ್ತದೆ. ತಿರುಗುವ ಡ್ರಮ್ಮು ನೀರನ್ನು ಹಿಂಡಿ ತೆಗೆಯಲು ಬಳಸುವ ಕರೆಂಟು, ಅದೇ ನೀರನ್ನು ಕಾಯಿಸಿ ಆವಿ ಮಾಡಲು ಬೇಕಾಗುವ ಕರೆಂಟಿನ ಮುಂದೆ ಲೆಕ್ಕಕ್ಕೇ ಇಲ್ಲ. ಹತ್ತಿ ಬಟ್ಟೆ, ಟವೆಲು, ಹಾಸಿಗೆಯ ಹೊದಿಕೆಗಳಿಗೆ ನಿಮಿಷಕ್ಕೆ 1200 ಅಥವಾ 1400 ಸುತ್ತಿನ ಸ್ಪಿನ್ ಇಟ್ಟು, ಒಗೆತ ಮುಗಿದ ಮೇಲೆ ಸ್ಪಿನ್ನನ್ನು ಮಾತ್ರ ಇನ್ನೊಮ್ಮೆ ಹಾಕಿ. ಮಷಿನ್ನನ್ನು ಕಿಕ್ಕಿರಿದು ತುಂಬಬೇಡಿ, ತುಂಬಿದರೆ ಹಿಂಡುವುದು ಸರಿಯಾಗಿ ಆಗುವುದಿಲ್ಲ. ರೇಷ್ಮೆ ಮತ್ತು ಉಣ್ಣೆಗೆ ಈ ಜೋರು ಸಲ್ಲದು. ಅಂಥವನ್ನು ಒಣಗಿದ ದಪ್ಪ ಟವೆಲಿನ ಮೇಲೆ ಹಾಸಿ, ಟವೆಲಿನೊಂದಿಗೆ ಸುರುಳಿ ಸುತ್ತಿ, ಕೈಯಿಂದ ಒತ್ತಿದರೆ ಸಾಕಷ್ಟು ನೀರನ್ನು ಟವೆಲೇ ಕುಡಿಯುತ್ತದೆ. ಉಣ್ಣೆಯ ಸ್ವೆಟರನ್ನು ನೇತುಹಾಕದೆ ಚಪ್ಪಟೆಯಾಗಿ ಹರವಬೇಕು, ಇಲ್ಲದಿದ್ದರೆ ಜೋತುಬೀಳುತ್ತದೆ.

ಹರವುವ ವಿಧಾನದಲ್ಲಿ ಕಾಫಿ ಕಣದ ಶಿಸ್ತನ್ನು ನೆನಪಿಸಿಕೊಳ್ಳಿ. ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜವನ್ನು, ದಪ್ಪವಾಗಿ ರಾಶಿ ಹಾಕಿದರೆ ಎಷ್ಟು ಬಿಸಿಲಿದ್ದರೂ ಒಳಗೆ ಬೂಷ್ಟು ಹಿಡಿಯುತ್ತದೆಂದು, ತೆಳುವಾಗಿ ಹರಡಿ ಆಗಾಗ ಕೈಯಾಡಿಸಿದರೆ ಬೇಗ ಒಣಗುತ್ತದೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಡಚುವ ಸ್ಟ್ಯಾಂಡಿನ ಮೇಲೆಯೂ ಅದೇ ನಿಯಮ. ಎರಡು ಬಟ್ಟೆಗಳ ನಡುವೆ ಕೈ ಆಡುವಷ್ಟು ಜಾಗವಿರಲಿ, ಒಂದರ ಮೇಲೊಂದು ಬೀಳದಿರಲಿ, ಅರ್ಧ ಒಣಗಿದಾಗ ಒಳಮಗ್ಗುಲನ್ನು ಹೊರಗೆ ಮಾಡಿ ಹಾಕಿ. ಜೀನ್ಸಿನ ಜೇಬುಗಳನ್ನು ಹೊರಗೆಳೆಯಿರಿ. ಅಂಗಿಗಳನ್ನು ಹ್ಯಾಂಗರಿಗೆ ಹಾಕಿದರೆ ಇಸ್ತ್ರಿಯ ಕೆಲಸವೂ ಉಳಿಯುತ್ತದೆ. ಐದೂವರೆ ಮೀಟರಿನ ಹತ್ತಿ ಸೀರೆಯನ್ನು ಸ್ಟ್ಯಾಂಡಿನ ಒಂದೇ ಕಂಬಿಗೆ ನಾಲ್ಕು ಮಡಿಕೆ ಮಾಡಿ ಹಾಕುವ ಬದಲು, ಒಂದು ಕಂಬಿಯ ಮೇಲಿಂದ ಇನ್ನೊಂದು ಕಂಬಿಗೆ ಅಲೆಅಲೆಯಾಗಿ ಇಳಿಬಿಡಿ. ಇಡೀ ವಾರದ ಬಟ್ಟೆಯನ್ನು ಭಾನುವಾರ ಒಟ್ಟಿಗೆ ಒಗೆಯುವ ಅಭ್ಯಾಸವನ್ನು ಚಳಿಗಾಲದಲ್ಲಿ ಬಿಟ್ಟು, ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಒಗೆಯುವುದು ಒಳ್ಳೆಯದು. ಕೋಣೆ ಒಂದು ದಿನಕ್ಕೆ ಇಷ್ಟೇ ನೀರನ್ನು ತಾಳಬಲ್ಲದು. ಒದ್ದೆ ಬಟ್ಟೆ ಒಂದು ದಿನಕ್ಕಿಂತ ಹೆಚ್ಚು ಹಸಿಯಾಗಿಯೇ ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಮುಗ್ಗಲು ವಾಸನೆ ಬರುತ್ತದೆ, ಅದು ಮತ್ತೆ ಒಗೆಯದೆ ಹೋಗುವುದಿಲ್ಲ. ವಾಸನೆ ಹಿಡಿದ ಟವೆಲುಗಳನ್ನು 60 ಡಿಗ್ರಿಯಲ್ಲಿ ಒಗೆಯಿರಿ.

ಜಾಗದ ಆಯ್ಕೆಯಲ್ಲಿ ಮಲಗುವ ಕೋಣೆ ಕಡೆಯದು. ಬಚ್ಚಲುಮನೆಯಲ್ಲಿ ತೇವವನ್ನು ಹೊರಗೆಳೆಯುವ ಫ್ಯಾನ್ ಇದ್ದರೆ, ಅಲ್ಲಿ ಸ್ಟ್ಯಾಂಡ್ ಇಟ್ಟು ಬಾಗಿಲು ಮುಚ್ಚಿ ಫ್ಯಾನ್ ಹಾಕಿ. ಆ ಫ್ಯಾನಿಗೆ ತಗಲುವ ಕರೆಂಟು ಒಂದು ಸಣ್ಣ ಬಲ್ಬಿನಷ್ಟೇ. ಫ್ಯಾನ್ ಇಲ್ಲದಿದ್ದರೆ ಬೆಚ್ಚಗಿರುವ ಯಾವುದಾದರೂ ಕೋಣೆಯ ಬಾಗಿಲು ಮುಚ್ಚಿ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡಿ. ಕಿಟಕಿಯ ಚೌಕಟ್ಟಿನ ಮೇಲ್ಭಾಗದಲ್ಲಿ ಗಾಳಿಯಾಡಲೆಂದು ಕೊಟ್ಟಿರುವ ಸಣ್ಣ ಸೀಳುಗಳನ್ನು ಚಳಿಯೆಂದು ಟೇಪ್ ಹಚ್ಚಿ ಮುಚ್ಚುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ರೇಡಿಯೇಟರಿನ ಮೇಲೆಯೇ ಬಟ್ಟೆ ಹೊದಿಸುವುದೂ ಒಳ್ಳೆಯದಲ್ಲ. ಅದು ಕೋಣೆಗೆ ಬರುವ ಶಾಖವನ್ನು ತಡೆಯುತ್ತದೆ, ಬಾಯ್ಲರ್ ಹೆಚ್ಚು ಹೊತ್ತು ಉರಿಯಬೇಕಾಗುತ್ತದೆ, ಎದ್ದ ಆವಿ ಪಕ್ಕದ ಗೋಡೆಗೇ ಬಡಿಯುತ್ತದೆ. ಅದರ ಮುಂದೆ ಒಂದು ಮೊಳ ದೂರದಲ್ಲಿ ಸ್ಟ್ಯಾಂಡ್ ಇಟ್ಟರೆ ಶಾಖವೂ ಸಿಗುತ್ತದೆ, ಗಾಳಿಯೂ ಸುಳಿಯುತ್ತದೆ. ಸ್ಕಾಟ್ಲೆಂಡಿನ ಹಳೆಯ ಕಟ್ಟಡಗಳಲ್ಲಿ ಸೂರಿಗೆ ಹಗ್ಗದಿಂದ ತೂಗುಹಾಕಿ ಮೇಲೆ ಕೆಳಗೆ ಮಾಡುವ ಮರದ ಕಂಬಿಗಳನ್ನು ಇಂದಿಗೂ ಕಾಣಬಹುದು. ನಮ್ಮ ಗಳದ ವ್ಯವಸ್ಥೆಗೆ ಬಹಳ ಹತ್ತಿರವಾದ ಅದು ನಿಮ್ಮ ಬಾಡಿಗೆ ಮನೆಯಲ್ಲಿದ್ದರೆ ಅವಶ್ಯವಾಗಿ ಬಳಸಿ, ಏಕೆಂದರೆ ಕೋಣೆಯ ಬೆಚ್ಚನೆಯ ಗಾಳಿ ಮೇಲೇ ಇರುತ್ತದೆ.

ಹಣ ಕೊಟ್ಟು ಒಂದೇ ಒಂದು ಯಂತ್ರ ಕೊಳ್ಳುವುದಾದರೆ ಡಿಹ್ಯುಮಿಡಿಫೈಯರನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದು ಗಾಳಿಯಲ್ಲಿರುವ ಆವಿಯನ್ನು ನೀರಾಗಿಸಿ ತನ್ನ ತೊಟ್ಟಿಯಲ್ಲಿ ತುಂಬಿಕೊಳ್ಳುತ್ತದೆ, ಹಾಗೆ ಮಾಡುವಾಗ ಹೊರಬರುವ ಶಾಖ ಕೋಣೆಯಲ್ಲಿಯೇ ಉಳಿದು ಅದನ್ನು ತುಸು ಬೆಚ್ಚಗೂ ಮಾಡುತ್ತದೆ. ಒಂದು ಯೂನಿಟ್ ಕರೆಂಟಿಗೆ 27 ಪೆನ್ಸ್ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. 200 ವಾಟಿನ ಡಿಹ್ಯುಮಿಡಿಫೈಯರನ್ನು ಆರು ಗಂಟೆ ಓಡಿಸಿದರೆ 1.2 ಯೂನಿಟ್, ಅಂದರೆ 32 ಪೆನ್ಸ್. 300 ವಾಟಿನ ಬಿಸಿಯಾಗುವ ಸ್ಟ್ಯಾಂಡನ್ನು ಅಷ್ಟೇ ಹೊತ್ತು ಹಾಕಿದರೆ 1.8 ಯೂನಿಟ್, 49 ಪೆನ್ಸ್, ಆದರೂ ಆವಿಯೆಲ್ಲ ಕೋಣೆಯಲ್ಲಿಯೇ ಉಳಿಯುತ್ತದೆ. ಹಳೆಯ ಬಗೆಯ ಟಂಬಲ್ ಡ್ರೈಯರ್ ಒಂದು ಸಲಕ್ಕೆ 4ರಿಂದ 5 ಯೂನಿಟ್ ನುಂಗುತ್ತದೆ, ಒಂದು ಪೌಂಡಿಗೂ ಮೀರಿ. ಹೀಟ್ ಪಂಪ್ ಇರುವ ಹೊಸ ಡ್ರೈಯರ್ 2 ಯೂನಿಟಿನ ಆಸುಪಾಸಿನಲ್ಲಿ ಮುಗಿಸುತ್ತದೆ, ಆದರೆ ಅದರ ಬೆಲೆ ಹೆಚ್ಚು, ಬಾಡಿಗೆ ಮನೆ ಬದಲಿಸುವಾಗ ಹೊತ್ತೊಯ್ಯುವುದೂ ಕಷ್ಟ. ಡಿಹ್ಯುಮಿಡಿಫೈಯರ್ ಓಡುತ್ತಿರುವಾಗ ಮಾತ್ರ ಕಿಟಕಿ ಬಾಗಿಲು ಮುಚ್ಚಿರಬೇಕು, ತೆರೆದಿದ್ದರೆ ಅದು ಹೊರಗಿನ ಗಾಳಿಯನ್ನು ಒಣಗಿಸುತ್ತಾ ಕೂರುತ್ತದೆ. ಅದರ ಗಾಳಿ ಬಟ್ಟೆಯ ಕಡೆಗೆ ಬೀಸುವಂತೆ ಇಟ್ಟು, ಜೊತೆಗೊಂದು ಸಾದಾ ಟೇಬಲ್ ಫ್ಯಾನ್ ಹಾಕಿದರೆ ಒಣಗುವ ಹೊತ್ತು ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಕಂಪ್ರೆಸರ್ ಇರುವ ಮಾದರಿ ಬೆಚ್ಚಗಿನ ಕೋಣೆಗೆ ಸರಿ. ಬಿಸಿ ಹಾಕದ, 15 ಡಿಗ್ರಿಗಿಂತ ತಣ್ಣಗಿರುವ ಕೋಣೆಯಾದರೆ ತೇವ ಹೀರುವ ವಸ್ತುವಿನಿಂದ ಕೆಲಸ ಮಾಡುವ ಡೆಸಿಕೆಂಟ್ ಮಾದರಿ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೆ ಕರೆಂಟು ಹೆಚ್ಚು ಬೇಕು. ಮನೆ ಹಂಚಿಕೊಂಡಿರುವ ವಿದ್ಯಾರ್ಥಿಗಳು ನಾಲ್ಕು ಜನ ಸೇರಿ ಒಂದನ್ನು ಕೊಂಡರೆ ಒಬ್ಬೊಬ್ಬರ ಪಾಲಿಗೆ ಬೀಳುವ ಹಣ ದೊಡ್ಡದಲ್ಲ. ಅದೂ ಆಗದಿದ್ದರೆ ಚೆನ್ನಾಗಿ ಹಿಂಡಿದ ಟವೆಲು, ಬೆಡ್‌ಶೀಟುಗಳನ್ನು ಮಾತ್ರ ದೊಡ್ಡ ಚೀಲದಲ್ಲಿ ಹತ್ತಿರದ ಲಾಂಡ್ರೆಟ್‌ಗೆ (ಹಣ ಕೊಟ್ಟು ಮಷಿನ್ ಬಳಸುವ ಅಂಗಡಿಗೆ) ಒಯ್ದು ಅಲ್ಲಿನ ಡ್ರೈಯರಿನಲ್ಲಿ ಒಣಗಿಸಿಕೊಂಡು ಬನ್ನಿ.

ಸುರಕ್ಷತೆಯ ವಿಚಾರದಲ್ಲಿ ಊರಿನ ರೂಢಿಯನ್ನು ನೇರವಾಗಿ ತಡೆಯಬೇಕಾಗಿದೆ. ಮಗುವಿನ ಬಟ್ಟೆ ಕಾಯಿಸಲೆಂದು ಇದ್ದಿಲಿನ ಕೆಂಡವನ್ನು ಕೋಣೆಯೊಳಗೆ ತರುವುದು ಹಂಚಿನ ಸಂದಿನಲ್ಲಿ ಗಾಳಿಯಾಡುವ ನಮ್ಮ ಹಳೆಯ ಮನೆಗಳಲ್ಲಿ ನಡೆದುಕೊಂಡು ಬಂದಿದೆ. ಬಿಗಿಯಾಗಿ ಮುಚ್ಚಿದ ಕಿಟಕಿಗಳ ಬ್ರಿಟನ್ನಿನ ಮನೆಗಳಲ್ಲಿ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ತುಂಬಿ ಮಲಗಿದವರ ಪ್ರಾಣ ತೆಗೆಯುತ್ತದೆ; ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಿಲಿಂಡರಿನ ಗ್ಯಾಸ್ ಹೀಟರಿನಿಂದಲೂ ಆ ಅಪಾಯವಿದೆ, ಜೊತೆಗೆ ಗ್ಯಾಸ್ ಉರಿದಷ್ಟೂ ಕೋಣೆಗೆ ಇನ್ನಷ್ಟು ನೀರಿನ ಆವಿ ಸೇರುತ್ತದೆ. ಎಲೆಕ್ಟ್ರಿಕ್ ಹೀಟರಿನ ಮೇಲೆ ಬಟ್ಟೆ ಹೊದಿಸಬೇಡಿ. ರಾತ್ರಿ ಅಗ್ಗದ ದರವಿದೆಯೆಂದು ಮಲಗಿರುವಾಗ ಡ್ರೈಯರ್ ಓಡಿಸುವುದನ್ನು ಅಲ್ಲಿನ ಅಗ್ನಿಶಾಮಕ ಇಲಾಖೆಗಳು ಬೇಡವೆನ್ನುತ್ತವೆ.

ಚಳಿಗಾಲವೆಂದು ಹೊರಗಿನ ತಂತಿಯನ್ನು ಪೂರ್ತಿ ಮರೆಯಬೇಕಿಲ್ಲ. ಗಾಳಿ ಬೀಸುವ, ಮಳೆಯಿಲ್ಲದ ದಿನ ಐದಾರು ಡಿಗ್ರಿಯಲ್ಲಿಯೂ ಬಟ್ಟೆ ಅರೆವಾಸಿ ಒಣಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹಾಕಿ, ಮಧ್ಯಾಹ್ನ ಎರಡು ಗಂಟೆಗೆ ತೆಗೆಯಿರಿ. ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಹೊತ್ತು ಮುಳುಗಿ ಇಬ್ಬನಿ ಕೂರತೊಡಗುತ್ತದೆ. ಹಾಗೆ ಹೊರಗೆ ಬಿಟ್ಟ ನೀರಷ್ಟೂ ನಿಮ್ಮ ಕೋಣೆಗೆ ಬಾರದ ನೀರು.

ಬೂಷ್ಟು ಕಂಡರೆ ಸುಮ್ಮನಿರಬೇಡಿ. ಬೆಳಿಗ್ಗೆ ಗಾಜಿನ ಮೇಲೆ ನಿಂತ ನೀರನ್ನು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡಿ. ಬೀರು, ಮಂಚಗಳನ್ನು ಹೊರಗೋಡೆಯಿಂದ ನಾಲ್ಕು ಬೆರಳು ಸರಿಸಿ. ಇಷ್ಟಾದರೂ ಗೋಡೆ ಕಪ್ಪಾಗುತ್ತಿದ್ದರೆ ದಿನಾಂಕ ಸಹಿತ ಫೋಟೋ ತೆಗೆದು, ಹೈಗ್ರೋಮೀಟರಿನ ಅಂಕಿಗಳನ್ನು ಬರೆದಿಟ್ಟು, ಮನೆಯ ಮಾಲೀಕರಿಗೆ ಇಮೇಲ್ ಮೂಲಕವೇ ತಿಳಿಸಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಮುಂಗಡ ಹಿಂತಿರುಗಿಸುವ ಹೊತ್ತಿಗೆ ಸಾಕ್ಷಿಯಿರುವುದಿಲ್ಲ. ನೀವು ಒಳಗೆ ಬಟ್ಟೆ ಒಣಗಿಸುವುದೇ ಕಾರಣವೆಂಬ ಉತ್ತರ ಬಂದರೆ ಕುಗ್ಗಬೇಡಿ. ಸೋರುವ ಕೊಳವೆ, ಕೆಟ್ಟ ಫ್ಯಾನ್, ಗಾಳಿಯಾಡದ ಕೋಣೆ ಮಾಲೀಕರ ಹೊಣೆ. 2020ರ ಡಿಸೆಂಬರಿನಲ್ಲಿ ರೋಚ್‌ಡೇಲ್ ಪಟ್ಟಣದ ಎರಡು ವರ್ಷದ ಮಗು ಅವಾಬ್ ಇಶಾಕ್ ಬೂಷ್ಟು ತುಂಬಿದ ಫ್ಲ್ಯಾಟಿನಲ್ಲಿ ಬಹುಕಾಲ ಉಸಿರಾಡಿದ್ದರಿಂದ ತೀರಿಕೊಂಡಿತೆಂದು 2022ರಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ತೀರ್ಮಾನಿಸಿದರು. ಆ ಮಗುವಿನ ಹೆಸರಿನಲ್ಲಿಯೇ ಕರೆಯಲಾಗುವ ಕಾನೂನು ಇಂಗ್ಲೆಂಡಿನಲ್ಲಿ 2025ರ ಅಕ್ಟೋಬರಿನಿಂದ ಸಾಮಾಜಿಕ ವಸತಿಯ (ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಅಥವಾ ವಸತಿ ಸಂಸ್ಥೆಗಳು ಬಾಡಿಗೆಗೆ ಕೊಡುವ) ಮನೆಗಳಿಗೆ ಅನ್ವಯವಾಗಿದ್ದು, ತೇವ ಮತ್ತು ಬೂಷ್ಟಿನ ದೂರುಗಳನ್ನು ನಿಗದಿತ ಗಡುವಿನೊಳಗೆ ಪರಿಶೀಲಿಸಬೇಕೆಂದು ವಿಧಿಸುತ್ತದೆ. ಖಾಸಗಿ ಬಾಡಿಗೆದಾರರು ಮಾಲೀಕರು ಕಿವಿಗೊಡದಿದ್ದಾಗ ತಮ್ಮ ಕೌನ್ಸಿಲ್ಲಿನ ಪರಿಸರ ಆರೋಗ್ಯ ವಿಭಾಗಕ್ಕೆ ಬರೆಯಬಹುದು. ಮನೆಯಲ್ಲಿ ಪುಟ್ಟ ಮಗುವೋ ಆಸ್ತಮಾ ಇರುವವರೋ ಇದ್ದರೆ ಅದನ್ನು ಪತ್ರದ ಮೊದಲ ಸಾಲಿನಲ್ಲಿಯೇ ತಿಳಿಸಿ.

ಕ್ರಿಸ್‌ಮಸ್ ರಜೆಗೆ ಊರಿಗೆ ಬರುವವರು ಹೊರಡುವ ಹಿಂದಿನ ದಿನ ಬಟ್ಟೆ ಒಗೆದು ಸ್ಟ್ಯಾಂಡಿನ ಮೇಲೆ ಹಾಗೆಯೇ ಬಿಟ್ಟು ಬರಬೇಡಿ. ಎರಡು ದಿನ ಮೊದಲೇ ಒಗೆತ ಮುಗಿಸಿ, ಡಿಹ್ಯುಮಿಡಿಫೈಯರಿನ ತೊಟ್ಟಿ ಖಾಲಿ ಮಾಡಿ ಒರೆಸಿ, ಫಿಲ್ಟರಿನ ಧೂಳು ತೆಗೆದು, ವಾಷಿಂಗ್ ಮಷಿನ್ನಿನ ಬಾಗಿಲನ್ನು ಸ್ವಲ್ಪ ತೆರೆದಿಡಿ. ಕಿಟಕಿಯ ಮೇಲಿನ ಸೀಳುಗಳು ತೆರೆದಿರಲಿ. ಮನೆಯ ಹೀಟಿಂಗನ್ನು ಪೂರ್ತಿ ನಿಲ್ಲಿಸದೆ 12 ಡಿಗ್ರಿಯ ಸುಮಾರಿನಲ್ಲಿಟ್ಟು ಬನ್ನಿ.