ಚುನಾವಣಾ ತಕರಾರು ಅರ್ಜಿ: ಕೈಯಲ್ಲಿರುವುದು 45 ದಿನ

2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂದರೆ, ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಂದದ್ದು 40,751. ಇಷ್ಟು ಸಣ್ಣ ಅಂತರವಿರುವ ಕಡೆ ಒಂದು ಮತಗಟ್ಟೆಯ ಲೆಕ್ಕದ ಬಗ್ಗೆ ಅನುಮಾನ ಬಂದರೂ ಅದನ್ನು ಕೇಳಲೇಬೇಕು. ಕೇಳುವ ಜಾಗ ಹೈಕೋರ್ಟ್. ಸೋತ ಅಭ್ಯರ್ಥಿಯೇ ಹೋಗಬೇಕೆಂದಿಲ್ಲ, ಆ ಕ್ಷೇತ್ರದ ಯಾವ ಮತದಾರರಾದರೂ ಅರ್ಜಿ ಹಾಕಬಹುದು.

ಮೊದಲು ಕಾಗದ ಕೂಡಿಸಿ

ಮತದಾನ ಮುಗಿದ ಸಂಜೆ ಮತಗಟ್ಟೆ ಅಧಿಕಾರಿ ಅಭ್ಯರ್ಥಿಗಳ ಏಜೆಂಟರಿಗೆ ಫಾರಂ 17ಸಿ ಪ್ರತಿ ಕೊಡುತ್ತಾರೆ. ಯಂತ್ರದಲ್ಲಿ ದಾಖಲಾದ ಮತ ಎಷ್ಟು ಎಂಬುದು ಅದರಲ್ಲಿರುತ್ತದೆ. ಎಣಿಕೆಯ ದಿನದ ಅಂಕಿಯೊಂದಿಗೆ ಅದನ್ನು ಮತಗಟ್ಟೆವಾರು ಹೋಲಿಸಿ. ಬಹಳ ಏಜೆಂಟರು ಆ ಹಾಳೆಯನ್ನು ಜೇಬಿನಲ್ಲಿ ಮಡಚಿಟ್ಟು ಮರೆಯುತ್ತಾರೆ. ಕೊನೆಗೆ ಬೇಕಾಗುವುದು ಅದೇ. ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪಿನಂತೆ, ಎರಡನೇ ಮತ್ತು ಮೂರನೇ ಸ್ಥಾನ ಪಡೆದವರು ಫಲಿತಾಂಶ ಬಂದ 7 ದಿನಗಳೊಳಗೆ ಶುಲ್ಕ ಕಟ್ಟಿ ಶೇ 5ರಷ್ಟು ಮತಯಂತ್ರಗಳ ಪರಿಶೀಲನೆ ಕೇಳಬಹುದು.

ಕಾರಣವನ್ನು ಬೇರ್ಪಡಿಸಿ

ಎಣಿಕೆಯ ತಪ್ಪು ಅಥವಾ ನಿಯಮ ಉಲ್ಲಂಘನೆ ಎನ್ನುವುದಾದರೆ, ಅದರಿಂದ ಫಲಿತಾಂಶಕ್ಕೇ ಧಕ್ಕೆಯಾಯಿತೆಂದು ತೋರಿಸಬೇಕು. ಗೆದ್ದವರೇ ಭ್ರಷ್ಟಾಚರಣೆ (ಲಂಚ, ಬೆದರಿಕೆ, ಸರ್ಕಾರಿ ನೌಕರರ ಬಳಕೆಯಂಥ ಅಕ್ರಮ) ನಡೆಸಿದ್ದು ಸಾಬೀತಾದರೆ ಅಂತರ ಮುಖ್ಯವಲ್ಲ. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿ ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು. ಆದರೂ ಅಲ್ಲಿ ಸೋತ ರಾಜ್ ನಾರಾಯಣ್ ಅರ್ಜಿಯ ಮೇಲೆ ಅಲಹಾಬಾದ್ ಹೈಕೋರ್ಟ್ 1975ರ ಜೂನ್ 12ರಂದು ಆ ಆಯ್ಕೆಯನ್ನು ರದ್ದು ಮಾಡಿತು. ಭ್ರಷ್ಟಾಚರಣೆಯ ಆರೋಪಕ್ಕೆ ಪ್ರತ್ಯೇಕ ಪ್ರಮಾಣಪತ್ರ (ಅಫಿಡವಿಟ್) ಬೇಕು. ಯಾರು, ಎಲ್ಲಿ, ಯಾವ ದಿನ ಎಂಬುದನ್ನು ಬಿಡಿಸಿ ಬರೆಯಿರಿ.

ಸಲ್ಲಿಸುವಾಗ ಎಚ್ಚರ

ಫಲಿತಾಂಶದ ದಿನದಿಂದ 45 ದಿನ. ತಡವಾದದ್ದಕ್ಕೆ ಕ್ಷಮೆ ಇಲ್ಲ. ಪ್ರತಿವಾದಿಗಳಿಗೆ ಕೊಡುವ ಪ್ರತಿಯೊಂದು ನಕಲಿನ ಮೇಲೂ ‘ಇದು ನಿಜ ಪ್ರತಿ’ ಎಂದು ಅರ್ಜಿದಾರರೇ ಸಹಿ ಹಾಕಬೇಕು. ಅರ್ಜಿಯ ಜೊತೆಗೇ 2,000 ರೂಪಾಯಿ ಠೇವಣಿ ಇಡಬೇಕು. ಗಟ್ಟಿ ಸಾಕ್ಷ್ಯವಿದ್ದ ಅರ್ಜಿ ಇಂಥ ಲೋಪದಿಂದ ವಿಚಾರಣೆಗೂ ಬಾರದೆ ಬಿದ್ದುಹೋಗಬಹುದು, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಗ್ರಾಮ ಪಂಚಾಯಿತಿ ಚುನಾವಣೆಯ ತಕರಾರಾದರೆ 30 ದಿನದೊಳಗೆ ಸಿವಿಲ್ ನ್ಯಾಯಾಧೀಶರ ಮುಂದೆ ಹೋಗಬೇಕು.

ಬೇಗ ವಿಚಾರಣೆ ಕೇಳಿ

ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ರಾಯ್‌ಬರೇಲಿ ಪ್ರಕರಣಕ್ಕೆ ನಾಲ್ಕು ವರ್ಷ ಹಿಡಿಯಿತು. ಆದ್ದರಿಂದ ನಿಮ್ಮ ಕಡೆಯಿಂದ ಮುಂದೂಡಿಕೆ ಕೇಳಬೇಡಿ.

ತಡ ಮತ್ತು ಅಪನಂಬಿಕೆ ದೇಶಕ್ಕೆ ಎಷ್ಟು ದುಬಾರಿ ಎಂಬುದಕ್ಕೆ ಕೆನ್ಯಾ ನೋಡಿ. 2007ರ ಡಿಸೆಂಬರ್‌ನಲ್ಲಿ ನಡೆದ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಒಪ್ಪದ ವಿರೋಧ ಪಕ್ಷ, ನ್ಯಾಯಾಲಯದ ಮೇಲೆ ನಂಬಿಕೆಯಿಲ್ಲವೆಂದು ಅಲ್ಲಿಗೆ ಹೋಗಲೇ ಇಲ್ಲ. ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ನೈರೋಬಿಯ ಕಿಬೆರಾದಲ್ಲಿ ಜನರು ರೈಲು ಹಳಿಗಳನ್ನೇ ಕಿತ್ತರು. ಕೆನ್ಯಾದ ಮೊಂಬಾಸಾ ಬಂದರನ್ನು ನೆಚ್ಚಿದ್ದ ನೆರೆಯ ಉಗಾಂಡಾದಲ್ಲಿ ಪೆಟ್ರೋಲಿಗೆ ಪರದಾಟವಾಯಿತು. ಶೇ 7ರ ಆಸುಪಾಸಿನಲ್ಲಿದ್ದ ಕೆನ್ಯಾದ ಬೆಳವಣಿಗೆ ಮರುವರ್ಷ ಶೇ 2ಕ್ಕಿಂತ ಕೆಳಗಿಳಿಯಿತು. 2010ರ ಸಂವಿಧಾನದಲ್ಲಿ ಅವರು ಅಧ್ಯಕ್ಷ ಚುನಾವಣೆಯ ತಕರಾರು ಇತ್ಯರ್ಥಕ್ಕೆ 14 ದಿನಗಳ ಗಡುವು ಹಾಕಿಕೊಂಡರು. 2017ರಲ್ಲಿ ಆ ಗಡುವಿನೊಳಗೇ ಅಲ್ಲಿನ ಸುಪ್ರೀಂ ಕೋರ್ಟ್ ಚುನಾವಣೆಯನ್ನು ರದ್ದುಪಡಿಸಿತು.

ನಮ್ಮಲ್ಲಿ ಗುಂಡು ಹಾರದಿದ್ದರೂ ನಷ್ಟ ತಪ್ಪಿಲ್ಲ. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಸರ್ಕಾರದ ವಿಳಂಬದ ಜೊತೆಗೆ ಕ್ಷೇತ್ರ ವಿಂಗಡಣೆ, ಮೀಸಲಾತಿಯ ತಕರಾರುಗಳೂ ಕೋರ್ಟ್ ಮೆಟ್ಟಿಲೇರಿ, ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. 15ನೇ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಮಂಡಳಿ ಇರಬೇಕೆಂಬ ಷರತ್ತಿತ್ತು. ಶಾಲೆಯ ಸೂರು ಸೋರುತ್ತಿದೆ ಎಂದು ಹೇಳಿಕೊಳ್ಳಲು ಹಳ್ಳಿಯವರಿಗೆ ಆ ಪಂಚಾಯಿತಿಗಳಲ್ಲಿ ಸದಸ್ಯರೇ ಇರಲಿಲ್ಲ, ಇದ್ದವರು ಆಡಳಿತಾಧಿಕಾರಿ ಮಾತ್ರ.

ತೀರ್ಪು ಬಂದ ಮೇಲೆ

ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 30 ದಿನಗಳಿವೆ. ನಡುವೆ ರಾಜಿಯಾಗಿ ಅರ್ಜಿ ಹಿಂದೆಗೆಯುವುದಾದರೆ ನ್ಯಾಯಾಲಯದ ಅನುಮತಿ ಬೇಕು. ಹಾಗೆ ಹಿಂದೆಗೆದದ್ದು ರಾಜ್ಯಪತ್ರದಲ್ಲಿ ಪ್ರಕಟವಾದ 14 ದಿನಗಳೊಳಗೆ, ಆ ಕ್ಷೇತ್ರದ ಬೇರೊಬ್ಬ ಮತದಾರ ಅರ್ಜಿದಾರನ ಜಾಗಕ್ಕೆ ತನ್ನನ್ನು ಸೇರಿಸುವಂತೆ ಕೇಳಿ ಮೊಕದ್ದಮೆಯನ್ನು ಮುಂದುವರಿಸಬಹುದು.