ಶಿವರಾತ್ರಿ ಕಳೆದ ಮೇಲೆ ಬಾಳೆ ಸಸಿ ಹೊರಗಿಡುವುದು

ಚಿಕ್ಕಮಗಳೂರಿನಿಂದ ಮಲ್ಲಂದೂರು ಕಡೆಗೆ ಹೋಗುವಾಗ ಸಿಗುತ್ತದೆ ನಮ್ಮ ತೋಟ. ಎತ್ತರ ಹೆಚ್ಚುಕಮ್ಮಿ 3,500 ಅಡಿ. ಅರೇಬಿಕಾ ಕಾಫಿ, ಮರಕ್ಕೆ ಮೆಣಸು, ಕಾಫಿ ಗಿಡ ಸತ್ತು ಖಾಲಿಯಾದ ಕಡೆ ಬಾಳೆ. ಪುಟ್ಟಬಾಳೆ, ಬೂದಿಬಾಳೆಯ ಕಂದನ್ನು ನೆಟ್ಟು ಮರೆತರೂ ನಡೆಯುತ್ತದೆ. ನಾಜೂಕು ಮಾಡುವುದು ಅಂಗಾಂಶ ಕೃಷಿಯ, ಎಂದರೆ ಲ್ಯಾಬಿನಲ್ಲಿ ಬೆಳೆಸಿದ ಜಿ-9, ಅಂದರೆ ಪಚ್ಚಬಾಳೆ ಜಾತಿಯದ್ದು. ಬೂದಿಬಾಳೆಯಲ್ಲಿ ಮೂಸಾ ಬಾಲ್ಬಿಸಿಯಾನಾ ಎಂಬ ಕಾಡುಬಾಳೆಯ ಅಂಶ ಜಾಸ್ತಿ ಇರುವುದರಿಂದ ಅದು ಚಳಿ, ಬರ ಎರಡನ್ನೂ ತಡೆಯುತ್ತದೆ. ಪಚ್ಚಬಾಳೆಯಲ್ಲಿ ಆ ಅಂಶವೇ ಇಲ್ಲ.

ಹಾಗಾಗಿ ಜಿ-9 ಸಸಿಗಳನ್ನು ಚಳಿಗಾಲಕ್ಕೆ ಮುಂಚೆಯೇ ತಂದು, ದೊಡ್ಡ ಪಾಲಿಥಿನ್ ಚೀಲಕ್ಕೆ ಬದಲಿಸಿ, ಕಣದ ಪಕ್ಕದ ಶೆಡ್ಡಿನಲ್ಲಿ ಬೆಳಕಿನ ಶೀಟಿನ ಕೆಳಗೆ ಇಡುತ್ತೇನೆ. ಶಿವರಾತ್ರಿ ಕಳೆದ ಮೇಲೆ ಹೊರಗೆ. ಇಷ್ಟೆಲ್ಲ ಯಾಕೆ, ಜೂನಿನಲ್ಲಿ ನೆಟ್ಟರಾಗದೇ ಎಂದು ಕೇಳುವವರಿದ್ದಾರೆ. ಬಯಲುಸೀಮೆಯಲ್ಲಿ ಏಳೆಂಟು ತಿಂಗಳಿಗೆ ಗೊನೆ ಹಾಕುವ ಜಿ-9 ನಮ್ಮಲ್ಲಿ ಇನ್ನೂ ಒಂದೆರಡು ತಿಂಗಳು ಎಳೆಯುತ್ತದೆ. ಜೂನಿನ ಎಳೆ ಸಸಿ ಮಲೆನಾಡಿನ ಮಳೆಗೆ ಬುಡ ಕೊಳೆಸಿಕೊಳ್ಳುತ್ತದೆ, ಉಳಿದದ್ದಕ್ಕೆ ಒಳಗೆ ಗೊನೆ ಮೂಡುವ ಹೊತ್ತಿಗೆ ಡಿಸೆಂಬರ್ ಚಳಿ ಬಂದಿರುತ್ತದೆ. ಸುಗ್ಗಿ ಮುಗಿದ ಮೇಲೆ ನೆಟ್ಟ ಬಲಿತ ಸಸಿ ದೀಪಾವಳಿಯ ಆಸುಪಾಸಿನಲ್ಲಿ ಹೂ ತೋರಿಸಿದರೆ ಬಚಾವ್. ತಡವಾಗಿ ಚಳಿಗೆ ಸಿಕ್ಕಿದರೆ ಗೊನೆ ಕೊರಳಲ್ಲೇ ಸಿಕ್ಕಿಕೊಂಡು ಪೂರ್ತಿ ಹೊರಗೆ ಇಳಿಯುವುದಿಲ್ಲ, ಚಿಪ್ಪುಗಳು ಒತ್ತಿಕೊಂಡು ಕಾಯಿ ಸೊಟ್ಟಗಾಗುತ್ತದೆ. ಅದಕ್ಕೇ ವಸಂತದಲ್ಲಿ ಒಂದು ತಿಂಗಳು ಹಿಂದೆ ಬಿದ್ದರೂ ವರ್ಷದ ಕೊನೆಗೆ ಅದರ ಪೆಟ್ಟು ಕಾಣುತ್ತದೆ.

‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ’ ಎನ್ನುವ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಗದ್ದೆ ಬಯಲಿನಂಥ ತಗ್ಗಿನಲ್ಲಿ ರಾತ್ರಿ ತಣ್ಣನೆ ಗಾಳಿ ಇಳಿದು ಕೂರುತ್ತದೆ. ಅದೇ ತೋಟದ ನಡುಗುಡ್ಡದಲ್ಲಿ ಚಳಿ ಆಗಲೇ ಮುರಿದಿರುತ್ತದೆ. ಆದ್ದರಿಂದ ಸಸಿಯನ್ನೇ ಕೇಳುವುದು ಒಳ್ಳೆಯದು. ಸುರುಳಿ ಸುತ್ತಿಕೊಂಡಿರುವ ಸುಳಿ ಎಲೆಗೂ ಅದಕ್ಕೆ ತಾಗಿ ನಿಂತ ಪಕ್ಕದ ಎಲೆಯ ದಂಟಿಗೂ ಸೇರಿಸಿ ಅಡ್ಡಕ್ಕೆ ಒಂದೇ ಗೆರೆ ಮಾರ್ಕರ್ ಪೆನ್ನಿನಲ್ಲಿ ಎಳೆಯುತ್ತೇನೆ. ಜನವರಿಯಲ್ಲಿ ಎರಡು ದಿನ ಬಿಟ್ಟು ನೋಡಿದರೂ ಗೆರೆ ಇದ್ದಲ್ಲೇ ಇರುತ್ತದೆ. ಬೆಳೆಯಲು ಶುರುವಾದಾಗ ಸುಳಿಯ ಮೇಲಿನ ಗೆರೆ ಮೇಲಕ್ಕೆ ಸರಿದು, ದಂಟಿನ ಗೆರೆ ಕೆಳಗೇ ಉಳಿಯುತ್ತದೆ. ಎರಡರ ನಡುವೆ ದಿನಕ್ಕೆ ಒಂದು ಬೆರಳಿನ ಅಂತರ ಬಿದ್ದರೆ ಬೇರು ಎಚ್ಚರವಾಗಿದೆ ಎಂದು ಲೆಕ್ಕ. ಬೆಚ್ಚಗಿದ್ದಾಗ ವಾರಕ್ಕೋ ಹತ್ತು ದಿನಕ್ಕೋ ಒಂದು ಎಲೆ ಬಿಡುವ ಬಾಳೆ ಚಳಿಯಲ್ಲಿ ತಿಂಗಳಿಗೊಂದು ಬಿಟ್ಟರೆ ಹೆಚ್ಚು.

ಇನ್ನು ಬಿಸಿಲಿನ ವಿಷಯ. ಚಳಿ ದಾಟಿದ ಸಸಿ ಹಾಳಾಗುವುದು ಬಹುಪಾಲು ಇಲ್ಲೇ. ಫೆಬ್ರವರಿ, ಮಾರ್ಚಿನಲ್ಲಿ ನಮ್ಮಲ್ಲಿ ಮೋಡವಿಲ್ಲ, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿಲ್ಲ, ಒಣಗಾಳಿ ಬೇರೆ. ನೆರಳಲ್ಲಿ ಹುಟ್ಟಿದ ಎಲೆ ತೆಳು, ಮೇಣದ ಹೊದಿಕೆಯೂ ಕಡಿಮೆ. ಅದನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಬಾಗುವ ಜಾಗದಲ್ಲಿ, ಆಕಾಶಕ್ಕೆ ಮುಖ ಮಾಡಿದ ಭಾಗವಷ್ಟೇ ಬೆಳ್ಳಗಾಗಿ, ಆಮೇಲೆ ಹುಲ್ಲಿನ ಬಣ್ಣಕ್ಕೆ ತಿರುಗಿ ಕಾಗದದಂತೆ ಚರಚರ ಎನ್ನುತ್ತದೆ. ಚಳಿಯ ಪೆಟ್ಟು ಹಾಗಿರುವುದಿಲ್ಲ, ಎಲೆ ಪೂರ್ತಿ ಹಳದಿಗೆ ತಿರುಗಿ ಅಂಚಿನಿಂದ ಕಂದುತ್ತದೆ. ಅಂದಹಾಗೆ ಎಳೆಯ ಜಿ-9 ಎಲೆ ಮೇಲೆ ಕಡುಗೆಂಪು ಮಚ್ಚೆಗಳಿರುತ್ತವೆ. ಅದು ಹುಟ್ಟು ಬಣ್ಣ. ರೋಗವೆಂದು ಔಷಧಿ ಹೊಡೆದು ದುಡ್ಡು ಕಳೆಯಬೇಡಿ.

ನನ್ನ ಅಕ್ಕನ ಮಗ ಸ್ಕಾಟ್ಲೆಂಡಿನಲ್ಲಿದ್ದಾನೆ. ಅವನೂ ಹಿತ್ತಲಲ್ಲಿ ಬಾಳೆ ಸಾಕಿದ್ದಾನೆ ಎಂದಾಗ ನಗು ಬಂದಿತ್ತು. ಅದು ಮೂಸಾ ಬಸ್ಜೂ, ಚೀನಾ ಮೂಲದ ಜಾತಿ. ಹಣ್ಣು ತಿನ್ನುವ ಹಾಗಿಲ್ಲ, ಅಂದಕ್ಕೆ ಮಾತ್ರ. ಹಿಮ ಬಿದ್ದು ಎಲೆಯೆಲ್ಲ ಕರಗಿದರೂ ಬುಡಕ್ಕೆ ದಪ್ಪಗೆ ಹುಲ್ಲು ಮುಚ್ಚಿದ್ದರೆ ಗೆಡ್ಡೆ ಬದುಕಿಕೊಳ್ಳುತ್ತದೆ. ಕುಂಡದಲ್ಲಿದ್ದವನ್ನು ಒಳಗಿಟ್ಟು, ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಮುಗಿದ ಮೇಲೆ, ಮೇ ಕೊನೆಗೆ ಹೊರಗೆ ತರುತ್ತಾನೆ.

“ಮಾವ, ಎಲೆ ಬೆಳ್ಳಗಾಗ್ತಾ ಇದೆ. ಇಲ್ಲಿ ಚಳಿ ಇನ್ನೂ ಇದೆಯಲ್ಲ, ಅದಕ್ಕೇನಾ?” ಎಂದು ಫೋಟೋ ಕಳಿಸಿದ್ದ.

“ಚಳಿ ಅಲ್ಲ ಮಾರಾಯ, ಬಿಸಿಲು. ಮನೆಯ ಪೂರ್ವಕ್ಕೆ ಸರಿಸು.”

ನಾನು ಮಾಡುವುದೂ ಅದೇ. ಮೊದಲು ಹಲಸಿನ ಮರದ ಪೂರ್ವದ ಮಗ್ಗುಲಿಗೆ ತರುತ್ತೇನೆ, ಅಲ್ಲಿ ಬೆಳಗಿನ ಬಿಸಿಲು ಮಾತ್ರ ಸಿಗುತ್ತದೆ. ರಾತ್ರಿ ಚಳಿ ತಿರುಗಿ ಬಂದರೆ ಎಳೆದು ಒಳಗಿಡಲು ಚೀಲಗಳು ಕಾಫಿ ಕ್ರೇಟಿನಲ್ಲೇ ಇರುತ್ತವೆ. ನಾಲ್ಕೈದು ದಿನಕ್ಕೊಮ್ಮೆ ಸ್ವಲ್ಪ ಬಯಲಿಗೆ ಸರಿಸುತ್ತಾ, ಮಧ್ಯಾಹ್ನದ ಹೊತ್ತಿಗೆ ಶೇ. 50ರ ನೆರಳು ಬಲೆ. ಹತ್ತು ಹದಿನೈದು ದಿನ ಹೀಗೆ. ಹಳೆಯ ಎಲೆಗಳು ಬಿಸಿಲಿಗೆ ಒಗ್ಗಿಕೊಳ್ಳಲಿ ಎಂದು ಕಾಯುವುದು ವ್ಯರ್ಥ, ಅವು ನೆರಳಿಗೇ ಹುಟ್ಟಿದವು. ನಾನು ಕಾಯುವುದು ಹೊರಗೇ ಬಿಚ್ಚಿಕೊಂಡ ಮೊದಲ ಎಲೆಗೆ. ಅದು ಗಿಡ್ಡ, ದಪ್ಪ, ಮುಟ್ಟಿದರೆ ಗಟ್ಟಿ. ಅದು ಬಂದ ಮೇಲೆ ಬಲೆ ತೆಗೆಯಬಹುದು. ಸುಟ್ಟ ಹಳೇ ಎಲೆಯನ್ನು ಕತ್ತರಿಸಲು ಅವಸರ ಬೇಡ, ಹಸಿರು ಉಳಿದಷ್ಟು ದಿನ ಅದೂ ದುಡಿಯುತ್ತದೆ. ಗಾಳಿಗೆ ಎಲೆ ಸೀಳಿದರೂ ಚಿಂತೆಯಿಲ್ಲ.

ನೀರು ಬಹಳ ಹಾಕಬೇಡಿ. ತಣ್ಣಗಿನ ಮಣ್ಣು ಸದಾ ಒದ್ದೆಯಾಗಿದ್ದರೆ ಗೆಡ್ಡೆ ಕೊಳೆತು, ಸುಳಿ ಎಳೆದರೆ ಕೈಗೇ ಬರುತ್ತದೆ. ಚೀಲ ಎತ್ತಿ ತೂಕ ನೋಡಿ, ಹಗುರಾದರೆ ಹಾಕಿದರಾಯಿತು. ಹೊಸ ಎಲೆ ಬರುವ ತನಕ ಯೂರಿಯಾ ಮುಟ್ಟುವುದಿಲ್ಲ.

ಗುಂಡಿ ಒಂದೂವರೆ ಅಡಿ, ಸಾಲಿಗೂ ಗಿಡಕ್ಕೂ ಆರಡಿ. ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ. ಇದರಲ್ಲಿ ವಿಶೇಷವೇನಿಲ್ಲ. ಬಿಸಿಲು ಇಳಿದ ಮೇಲೆ ನೆಡುತ್ತೇವೆ. ಚೀಲ ಸೀಳುವಾಗ ಮಣ್ಣಿನ ಹೆಂಟೆ ಒಡೆಯಬಾರದು, ಚೀಲದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳ. ಪಶ್ಚಿಮಕ್ಕೆ ಒಂದು ಅಡಿಕೆ ಸೋಗೆ ಊರಿದರೆ ಸಂಜೆ ಬಿಸಿಲಿಗೆ ಮರೆ. ದರಗು, ಅಂದರೆ ಒಣ ಎಲೆ ಹರಡುವಾಗ ಕಾಂಡದಿಂದ ಒಂದು ಗೇಣು ಬಿಡಬೇಕು, ಆಗ ಬುಡದ ಮಣ್ಣು ಬೇಗ ಬೆಚ್ಚಗಾಗುತ್ತದೆ. ಹೂಮಳೆ ಬಿದ್ದು ಮೂರನೇ ಎಲೆ ಬಿಚ್ಚಿಕೊಂಡ ಮೇಲೆ ಸೋಗೆ ಕಿತ್ತು, ಮೊದಲ ಕಂತಿನ ಗೊಬ್ಬರ ಬುಡದ ಸುತ್ತ ಹಾಕಿ ಮಣ್ಣು ಏರಿಸುತ್ತೇವೆ.