ಐದು ದಿನದ ಪ್ಲೇಟ್ಲೆಟ್, ಎರಡು ವರ್ಷದ ಪ್ಲೇಟ್ಲೆಟ್

ಮಳೆಗಾಲದಲ್ಲಿ ಡೆಂಗಿ ಶುರುವಾಯಿತೆಂದರೆ ಮಂಡ್ಯದ ನಮ್ಮ ಬ್ಲಡ್ ಬ್ಯಾಂಕ್ ಕಿಟಕಿಯಲ್ಲಿ ಒಂದೇ ಮಾತು: ‘ಸಾರ್, ಇನ್ನೆರಡು ಪ್ಯಾಕೆಟ್ ಫ್ರಿಜ್ಜಲ್ಲಿ ಎತ್ತಿಟ್ಟಿರಿ, ನಾಳೆ ಬೇಕಾದ್ರೆ ತಗೊಂಡೋಗ್ತೀವಿ.’ ಕೆಂಪು ರಕ್ತಕಣ ಫ್ರಿಜ್‌ನಲ್ಲಿ ತಿಂಗಳ ಮೇಲೆ ಇರುತ್ತದೆ, ಪ್ಲಾಸ್ಮಾ ಫ್ರೀಜರ್‌ನಲ್ಲಿ ವರ್ಷ ಇರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣ ಪ್ಲೇಟ್ಲೆಟ್ ಹಾಗಲ್ಲ. 20ರಿಂದ 24 ಡಿಗ್ರಿಯಲ್ಲಿ, ಅಜಿಟೇಟರ್ ಎಂಬ ಅಲುಗಾಡಿಸುವ ಯಂತ್ರದ ಮೇಲೆ ಹಗಲೂ ರಾತ್ರಿ ಅಲುಗಾಡುತ್ತಿರಬೇಕು. ಅದರ ಆಯಸ್ಸು 5 ದಿನ.

ಅಂದರೆ ಭಾನುವಾರದ ಕ್ಯಾಂಪಿನದು ಶುಕ್ರವಾರಕ್ಕೆ ಮುಗಿಯಿತು. ಅದಕ್ಕೇ ಕ್ಯಾಂಪ್ ಮಾಡುವವರ ಕೈಕಾಲು ಹಿಡಿದು ಅರ್ಧ ಜನರನ್ನು ಬುಧವಾರಕ್ಕೆ ತಳ್ಳುತ್ತೇನೆ. ದಸರಾ ರಜೆಯಲ್ಲಿ ಕಾಲೇಜು ಹುಡುಗರು ಸಿಗುವುದಿಲ್ಲ. ಆಗ ಎಸ್‌ಡಿಪಿ (ಮೆಷಿನ್ ಮೂಲಕ ಒಬ್ಬರಿಂದಲೇ ತೆಗೆಯುವ ಪ್ಲೇಟ್ಲೆಟ್) ಕೊಡಲು ಒಪ್ಪಿದವರ ಪಟ್ಟಿ ಹಿಡಿದು ಮದ್ದೂರು, ಮಳವಳ್ಳಿ ಅಂತ ಫೋನ್ ಮಾಡುತ್ತಾ ಕೂರಬೇಕು. ‘ಈ ಮೂರು ದಿನದಲ್ಲಿ ಆಸ್ಪಿರಿನ್ ನುಂಗಿಲ್ಲ ತಾನೆ?’ ಎನ್ನುವುದು ನನ್ನ ಮೊದಲ ಪ್ರಶ್ನೆ; ಆಸ್ಪಿರಿನ್ ನುಂಗಿದವರ ಪ್ಲೇಟ್ಲೆಟ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಬೇಡಿಕೆ ಚೀಟಿ ಬಂದ ಕೂಡಲೇ ಪ್ಯಾಕೆಟ್ ಕೊಡುವುದಿಲ್ಲ. ವಾರ್ಡಿನ ಡಾಕ್ಟರಿಗೆ ಫೋನ್ ಮಾಡಿ ರಕ್ತಸ್ರಾವ ಇದೆಯೇ ಎಂದು ಕೇಳುತ್ತೇನೆ. ಪ್ಲೇಟ್ಲೆಟ್ ಕೌಂಟ್ 40,000 ಇದ್ದು ರೋಗಿ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದರೆ ಪ್ಲೇಟ್ಲೆಟ್ ಏಕೆ? ಸ್ರಾವವಿಲ್ಲದಿದ್ದರೆ ನಾವು ನೋಡುವುದು 10,000ದ ಗೆರೆ. ಒಂದು ಆರ್‌ಡಿಪಿ (ಒಬ್ಬರು ದಾನ ಮಾಡಿದ ರಕ್ತದಿಂದ ಬೇರ್ಪಡಿಸಿದ ಪ್ಲೇಟ್ಲೆಟ್ ಪ್ಯಾಕೆಟ್) ದೊಡ್ಡವರಲ್ಲಿ ಹೆಚ್ಚೆಂದರೆ ಐದರಿಂದ ಹತ್ತು ಸಾವಿರ ಏರಿಸೀತು. ಡೆಂಗಿಯಲ್ಲಿ ಅಷ್ಟೂ ನಿಲ್ಲುವುದಿಲ್ಲ. ಜ್ವರ ಬಿಟ್ಟ ಮೇಲೆ ಕೌಂಟ್ ತಾನಾಗಿ ಏರುತ್ತದೆ. ಮನೆಯವರಿಗೆ ಇದನ್ನು ಒಪ್ಪಿಸುವುದೇ ನಿಜವಾದ ಕೆಲಸ, ಉಳಿದದ್ದೆಲ್ಲ ಮೆಷಿನ್ ಮಾಡುತ್ತದೆ.

ಹಾಗಾದರೆ ಪ್ಲೇಟ್ಲೆಟ್ ಫ್ರೀಜ್ ಮಾಡಲು ಸಾಧ್ಯವೇ ಇಲ್ಲವೇ? ಇದೆ. ಹೆಪ್ಪುಗಟ್ಟುವ ಚಳಿಯಿಂದ ಕಣಗಳನ್ನು ಕಾಪಾಡುವ ಡಿಎಂಎಸ್‌ಒ ಎಂಬ ದ್ರಾವಣವನ್ನು ಐದಾರು ಶೇಕಡಾ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿಟ್ಟರೆ ಎರಡು ವರ್ಷ ಉಳಿಯುತ್ತದೆ. ನೆದರ್ಲೆಂಡ್ಸ್ ಸೇನೆ 2001ರಿಂದ ಹೊರದೇಶದ ಕಾರ್ಯಾಚರಣೆಗಳಲ್ಲಿ ಇದನ್ನು ಬಳಸುತ್ತಿದೆ. ಕರಗಿಸಿ, ಪ್ಲಾಸ್ಮಾದಲ್ಲಿ ಕಲಸಿ, ಕೆಲವೇ ಗಂಟೆಯೊಳಗೆ ರೋಗಿಗೆ ಏರಿಸಬೇಕು. ಆದರೆ ಕರಗುವಾಗ ಒಂದಷ್ಟು ಕಣ ಹಾಳಾಗುತ್ತವೆ. ಉಳಿದವು ಬೇಗ ರಕ್ತ ಹೆಪ್ಪುಗಟ್ಟಿಸುತ್ತವೆ, ಮೈಯಲ್ಲಿ ಹೆಚ್ಚು ಹೊತ್ತು ಸುತ್ತುವುದಿಲ್ಲ. ಸುರಿಯುವ ರಕ್ತ ನಿಲ್ಲಿಸಲು ಸರಿ, ರಿಪೋರ್ಟಿನ ಅಂಕಿ ಏರಿಸಲು ಅಲ್ಲ.

ನಮ್ಮಲ್ಲಿ ಆ ಸೌಲಭ್ಯವಿಲ್ಲ. ಇದ್ದರೂ ಡೆಂಗಿ ವಾರ್ಡಿಗೆ ಅದನ್ನು ಕಳಿಸುತ್ತಿರಲಿಲ್ಲ; ರಾತ್ರಿ ಬರುವ ಹೆದ್ದಾರಿ ಅಪಘಾತಕ್ಕೆ, ಹೆರಿಗೆಯ ನಂತರದ ಸ್ರಾವಕ್ಕೆ ಇಟ್ಟುಕೊಳ್ಳುತ್ತಿದ್ದೆ. ಸದ್ಯಕ್ಕೆ ಆ ಎರಡಕ್ಕೆಂದು ಅಜಿಟೇಟರ್‌ನ ಒಂದು ತಟ್ಟೆಯಲ್ಲಿ ಓ ಗುಂಪಿನವನ್ನು ಬೇರೆ ಇಟ್ಟಿರುತ್ತೇನೆ. ಗುರುವಾರ ಬೆಳಿಗ್ಗೆಯವರೆಗೂ ಉಳಿದರೆ ಕೀಮೋ ರೋಗಿಗಳಿರುವ ಮೈಸೂರಿನ ಆಸ್ಪತ್ರೆಗಳಿಗೆ ಫೋನ್ ಮಾಡಿ ಕಳಿಸಿಬಿಡುತ್ತೇನೆ. ಪೆಟ್ಟಿಗೆಗೆ ಐಸ್ ಹಾಕಬೇಡಪ್ಪಾ ಎಂದು ಡ್ರೈವರ್‌ಗೆ ಪ್ರತಿ ಸಲವೂ ಹೇಳಬೇಕು.